ಕಾಣದ ಬೇಲಿ

ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿಮನೆ ಎಂದಿಟ್ಟುಕೊಳ್ಳಿ. ರಾತ್ರಿ ಎಂಟೂವರೆ. ಊಟ ಮುಗಿಸಿದ ನಿವೃತ್ತ ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದಾರೆ, ಫೋನು ತೊಡೆಯ ಮೇಲಿದೆ. ಹಬ್ಬಕ್ಕೆ ಬಂದಿದ್ದ ಮಗ ಕಾರು ಹತ್ತಿ ಮಂಗಳೂರಿಗೆ ವಾಪಸು ಹೊರಟಿದ್ದಾನೆ. ಫೋನು ಗುಂಯ್‌ಗುಟ್ಟುತ್ತದೆ: ‘ವೇಗಮಿತಿ ಮೀರಿದೆ, 92 ಕಿ.ಮೀ.’ ಮೂರು ನಿಮಿಷ ಕಳೆಯುವುದರೊಳಗೆ ಮತ್ತೊಂದು: ‘ಹಠಾತ್ ಬ್ರೇಕ್.’ ಮೇಷ್ಟ್ರ ಹೆಬ್ಬೆರಳು ಮಗನ ಹೆಸರಿನ ಮೇಲೆ ಹೋಗಿ ನಿಲ್ಲುತ್ತದೆ. ಕರೆ ಮಾಡಿದರೆ ಮಗ ಎತ್ತುತ್ತಾನೆ, ಎತ್ತಿದರೆ ಒಂದು ಕೈ ಸ್ಟೀರಿಂಗ್ ಬಿಡುತ್ತದೆ. ಮಾಡದಿದ್ದರೆ ಆ ಎರಡು ಸಾಲು ರಾತ್ರಿಯಿಡೀ ಎದೆಯ ಮೇಲೆ ಕೂತಿರುತ್ತವೆ. ಮಗ ಕ್ಷೇಮವಾಗಿರಲಿ ಎಂದು ಹಾಕಿಸಿದ ಸಾಧನ ಅದು. ಈಗ ಅದೇ ಮಗನನ್ನು ಅಪಾಯಕ್ಕೆ ತಳ್ಳುವಂಥ ಕರೆಯೊಂದನ್ನು ಅಪ್ಪನ ಕೈಯಿಂದ ಮಾಡಿಸಲು ಹೊರಟಿದೆ.

ಆ ಸಾಧನ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಒಬಿಡಿ ಪೋರ್ಟ್ ಎನ್ನುತ್ತಾರೆ. ಹೊಗೆಯ ಮೇಲೆ ಕಣ್ಣಿಡುವುದಕ್ಕಾಗಿ ಅಮೆರಿಕ 1996ರ ಮಾದರಿಯ ಕಾರುಗಳಿಂದ ಕಡ್ಡಾಯ ಮಾಡಿದ ಕಿಂಡಿ ಅದು. ಇಂಜಿನ್ನಿನ ಕಾಯಿಲೆ ಕೇಳಿ ತಿಳಿಯಲೆಂದು ಇಟ್ಟ ಆ ಕಿಂಡಿಗೆ ಸಿಮ್, ಜಿಪಿಎಸ್, ಅಲುಗಾಟ ಅಳೆಯುವ ಸೆನ್ಸರ್ ಇರುವ ಡಬ್ಬಿಯೊಂದನ್ನು ಸಿಕ್ಕಿಸಿದರೆ ಓಡಿಸುವವನ ನಡತೆಯೂ ಹೊರಬರತೊಡಗುತ್ತದೆ. 2019ರಲ್ಲಿ ಬಂದ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್‌ಗಳ ಕಾಲದಿಂದ ಇಂಥ ಸಂಪರ್ಕ ಕಾರ್ಖಾನೆಯಲ್ಲೇ ಒಳಗೆ ಕೂತು ಬರುತ್ತಿದೆ. ಆ್ಯಪ್ ತೆರೆದರೆ ಉದ್ದದ ಪಟ್ಟಿ: ಗಾಡಿ ಸ್ಟಾರ್ಟ್ ಆಯಿತು, ಆಫ್ ಆಯಿತು, ವೇಗ ಮೀರಿತು, ಬ್ರೇಕ್ ಜೋರಾಗಿ ಬಿತ್ತು, ತಿರುವಿನಲ್ಲಿ ಎಳೆಯಿತು, ಬ್ಯಾಟರಿ ಇಳಿಯಿತು, ಆಫ್ ಆಗಿದ್ದ ಗಾಡಿ ಅಲುಗಿತು, ಡಬ್ಬಿಯನ್ನು ಯಾರೋ ಕಿತ್ತರು, ಗೊತ್ತುಮಾಡಿದ ವೃತ್ತ ದಾಟಿತು. ಪ್ರತಿಯೊಂದರ ಎದುರಿಗೂ ಒಂದು ಸ್ವಿಚ್ಚು. ಕೊಂಡ ದಿನ ಜನ ಎಲ್ಲವನ್ನೂ ಆನ್ ಮಾಡುತ್ತಾರೆ. ಹಣ ಕೊಟ್ಟಾಗಿದೆ, ಯಾಕೆ ಬಿಡಬೇಕು?

ಆ ಪಟ್ಟಿಯನ್ನು ತಾಂತ್ರಿಕ ವಿಷಯವೆಂದು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗುವುದು ರೂಢಿ. ಆದರೆ ಅಲ್ಲಿರುವ ಪ್ರಶ್ನೆ ಹಳೆಯದು, ದೊಡ್ಡದು. ಯಾರು ಯಾರನ್ನು, ಎಷ್ಟರಮಟ್ಟಿಗೆ, ಯಾವ ಹಕ್ಕಿನಿಂದ ಕಾಯಬಹುದು?

ಕನ್ನಡದ ‘ಕಾಯು’ ಇಲ್ಲಿ ತುಂಬ ಹೇಳುತ್ತದೆ. ದನ ಕಾಯುತ್ತಾರೆ, ಗಡಿ ಕಾಯುತ್ತಾರೆ, ಬಸ್ಸಿಗೆ ಕಾಯುತ್ತಾರೆ. ಮಗನಿಗೆ ಕಾಯುವುದು ಬೇರೆ, ಮಗನನ್ನು ಕಾಯುವುದು ಬೇರೆ. ನಡುವೆ ಇರುವುದು ವಿಭಕ್ತಿ ಪ್ರತ್ಯಯವೊಂದೇ. ಜಗಲಿಯ ಮೇಲೆ ಕೂತು ದಾರಿ ನೋಡುವ ಕೆಲಸ ತಲೆತಲಾಂತರದಿಂದ ಚತುರ್ಥಿಯಲ್ಲಿತ್ತು. ಆ್ಯಪ್ ಬಂದು ಅದನ್ನು ದ್ವಿತೀಯಕ್ಕೆ ತಿರುಗಿಸಿತು. ಕಾಯುವವರ ಪ್ರೀತಿ ಬದಲಾಗಿಲ್ಲ, ಅದು ಕೂರುವ ಜಾಗ ಬದಲಾಗಿದೆ. ಮನೆ ಬಾಗಿಲಲ್ಲಿ ಕೂರಬೇಕಾದದ್ದು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಿದೆ.

92 ಎಂಬ ಅಂಕಿಯನ್ನೇ ನೋಡೋಣ. ಮಧ್ಯೆ ಡಿವೈಡರ್ ಇರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ಹಾಗಾಗಿ ಮಗ ಮೀರಿದ್ದು ಆ ಮಿತಿಯನ್ನಲ್ಲ, ಅಪ್ಪ ಸೆಟ್ಟಿಂಗ್ಸಿನಲ್ಲಿ ಟೈಪ್ ಮಾಡಿದ 80ನ್ನು. ಅದು ಅಲ್ಲಿರುವುದು ಮಗನಿಗೆ ಗೊತ್ತೇ ಇಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಸದ್ದನ್ನು ಇಟ್ಟು ನೋಡಬೇಕು. 2019ರ ಜುಲೈ 1ರಿಂದ ಭಾರತದಲ್ಲಿ ತಯಾರಾಗುವ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಸದ್ದು ಬರಲೇಬೇಕು ಎಂಬ ನಿಯಮವಿದೆ. ಆ ಸದ್ದು ಕಾರಿನೊಳಗೇ ಹುಟ್ಟಿ ಅಲ್ಲೇ ಅಡಗುತ್ತದೆ. ಕಾಲು ಆಕ್ಸಿಲರೇಟರಿನ ಮೇಲಿರುವವನಿಗೆ, ಆ ಕ್ಷಣದಲ್ಲೇ, ಅವನೊಬ್ಬನಿಗೇ ಹೇಳುತ್ತದೆ. ಅವನು ಕಾಲು ಸಡಿಲಿಸಿದರೆ ವಿಷಯ ಮುಗಿಯಿತು. ನೂರು ಕಿಲೋಮೀಟರು ದೂರದ ಜಗಲಿಗೆ ಹೋದ ಸಂದೇಶಕ್ಕೆ ಹೀಗೆ ಮುಗಿಯುವ ದಾರಿಯೇ ಇಲ್ಲ, ಅಪ್ಪನ ಕಾಲ ಕೆಳಗೆ ಬ್ರೇಕ್ ಇಲ್ಲವಲ್ಲ.

ದೂರದಲ್ಲಿ ಕೂತು ಮಕ್ಕಳ ಸುದ್ದಿ ಕೇಳುವ ಅಪ್ಪ ಎಂದೊಡನೆ ನೆನಪಾಗುವವನು ಧೃತರಾಷ್ಟ್ರ. ಸಂಜಯನ ದಿವ್ಯದೃಷ್ಟಿಯನ್ನು ನೇರ ಪ್ರಸಾರವೆಂದು ಬಣ್ಣಿಸುವುದು ಭಾಷಣಗಳಲ್ಲಿ ಮಾಮೂಲಿ. ಮಹಾಭಾರತದ ಭೀಷ್ಮಪರ್ವದಲ್ಲಿ ನಡೆಯುವುದೇ ಬೇರೆ. ಯುದ್ಧದ ಹತ್ತನೆಯ ದಿನ ಸಂಜಯ ರಣರಂಗದಿಂದ ಬಂದು ಮೊದಲು ಹೇಳುವುದು ಒಂದೇ ಸುದ್ದಿ: ಭೀಷ್ಮ ಬಿದ್ದ. ಆಮೇಲೆಯೇ ಮುದುಕ ದೊರೆ, ಹೇಗಾಯಿತು, ಏನು ಮಾಡಿದರು ಎಂದು ಮೊದಲಿನಿಂದ ಕೇಳುತ್ತ ಹೋಗುವುದು. ಭಗವದ್ಗೀತೆಯೂ ಬರುವುದು ಆ ವಿವರಣೆಯ ಒಳಗೇ. ಮೊದಲು ಅಲರ್ಟ್, ನಂತರ ಲಾಗ್. ಇನ್ನೊಂದು ಸಂಗತಿಯೂ ಇದೆ. ವ್ಯಾಸರು ಕಣ್ಣು ಕೊಡುತ್ತೇನೆಂದಾಗ, ಜ್ಞಾತಿಗಳ ವಧೆ ನೋಡಲಾರೆ, ಕೇಳುತ್ತೇನೆ ಎಂದವನು ಧೃತರಾಷ್ಟ್ರ. ಸುದ್ದಿಗೆ ಅವನಲ್ಲಿ ಕೊರತೆಯಿರಲಿಲ್ಲ. ವಿದುರ ಹೇಳಿದ್ದ, ಕೃಷ್ಣ ಸಭೆಗೇ ಬಂದು ಹೇಳಿದ್ದ. ತಡೆಯಬಹುದಾಗಿದ್ದ ಹೊತ್ತಿನ ಮಾತನ್ನು ಬಿಟ್ಟು, ತಡೆಯಲಾಗದ ಹೊತ್ತಿನ ಪ್ರತಿಯೊಂದು ವಿವರಕ್ಕೂ ಕಿವಿಯಾದ. ಮಗ ಹೊರಡುವ ಮುನ್ನ ‘ನಿದ್ದೆ ಆಗಿದೆಯಾ, ಟೈರು ನೋಡಿದೆಯಾ’ ಎಂದು ಕೇಳದೆ, ಹೊರಟ ಮೇಲೆ ಪ್ರತಿ ಬ್ರೇಕನ್ನೂ ಎಣಿಸುವ ಅಪ್ಪಂದಿರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು.

ಅಲರ್ಟ್ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು ಎಂಬ ನಂಬಿಕೆಗೆ ಆಸ್ಪತ್ರೆಗಳೇ ಉತ್ತರ ಕೊಟ್ಟಿವೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 2009ರಿಂದ 2012ರ ಮಧ್ಯದವರೆಗೆ ಅಲಾರಂಗಳಿಗೆ ಸಂಬಂಧಿಸಿದ 98 ಘಟನೆಗಳು ಅದಕ್ಕೆ ವರದಿಯಾಗಿದ್ದವು. ಅವುಗಳಲ್ಲಿ 80 ಸಾವಿನಲ್ಲಿ ಮುಗಿದಿದ್ದವು. ಮುಖ್ಯ ಕಾರಣಗಳಲ್ಲೊಂದು, ಬಡಿದು ಬಡಿದು ಕಿವಿಗೆ ಬೀಳದಂತಾದ ಅಲಾರಂ. ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕಥೆ ಇದೇ. ಆದರೆ ಇಲ್ಲಿ ಹುಡುಗ ಸುಳ್ಳು ಹೇಳಿರಲಿಲ್ಲ, ಪ್ರತಿ ಸಲವೂ ಏನೋ ಒಂದನ್ನು ಕಂಡೇ ಕೂಗಿದ್ದ.

ಹಾಗಾದರೆ ಬಾಗಿಲಲ್ಲಿ ಯಾರನ್ನು ನಿಲ್ಲಿಸಬೇಕು? ಸಂಯುತ್ತ ನಿಕಾಯದಲ್ಲಿ ಬುದ್ಧ ಹೇಳುವ ಒಂದು ಹೋಲಿಕೆಯಿದೆ. ಗಡಿಯಲ್ಲೊಂದು ನಗರ, ಆರು ಬಾಗಿಲು. ಅಲ್ಲೊಬ್ಬ ಜಾಣ ದ್ವಾರಪಾಲಕ: ಗುರುತಿಲ್ಲದವರನ್ನು ತಡೆಯುತ್ತಾನೆ, ಗುರುತಿದ್ದವರನ್ನು ಒಳಗೆ ಬಿಡುತ್ತಾನೆ. ದಿಕ್ಕುದಿಕ್ಕಿನಿಂದ ಜೋಡಿ ದೂತರು ವೇಗವಾಗಿ ಬಂದು, ಈ ಊರಿನ ಒಡೆಯ ಎಲ್ಲಿ ಎಂದು ಕೇಳುತ್ತಾರೆ. ನಡುಚೌಕದಲ್ಲಿ ಕೂತಿದ್ದಾನೆ ಎಂದು ದ್ವಾರಪಾಲಕ ತೋರಿಸುತ್ತಾನೆ. ಅವರು ಸಂದೇಶ ಒಪ್ಪಿಸಿ ಬಂದ ದಾರಿಯಲ್ಲೇ ಮರಳುತ್ತಾರೆ. ನಗರವೆಂದರೆ ದೇಹ, ಆರು ಬಾಗಿಲು ಇಂದ್ರಿಯಗಳು, ದ್ವಾರಪಾಲಕನೇ ಸ್ಮೃತಿ, ಅಂದರೆ ಎಚ್ಚರ, ಎಂದು ಬುದ್ಧನೇ ಬಿಡಿಸಿ ಹೇಳುತ್ತಾನೆ. ಇಲ್ಲಿ ಎಚ್ಚರ ಎಂದರೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವುದಲ್ಲ, ಯಾರು ಬಂದರೆಂದು ಗುರುತು ಹಿಡಿಯುವುದು. ಎಲ್ಲ ಸ್ವಿಚ್ಚುಗಳನ್ನೂ ಆನ್ ಮಾಡಿದ ಫೋನು ದ್ವಾರಪಾಲಕನೇ ಇಲ್ಲದ ಊರು.

ಬುದ್ಧನ ಅದೇ ಉಪದೇಶದಲ್ಲಿ ಆ ನಗರಕ್ಕಿಂತ ಮೊದಲು ಬರುವುದು ಒಂದು ಮರ. ಕಿಂಶುಕ, ನಮ್ಮ ಮುತ್ತುಗ. ಅದನ್ನೆಂದೂ ನೋಡದವನೊಬ್ಬ ನಾಲ್ವರನ್ನು ಕೇಳುತ್ತಾನೆ. ಒಬ್ಬ ಸುಟ್ಟ ಮೋಟಿನ ಹಾಗೆ ಕಪ್ಪು ಎನ್ನುತ್ತಾನೆ, ಇನ್ನೊಬ್ಬ ಮಾಂಸದ ತುಂಡಿನಂತೆ ಕೆಂಪು, ಮತ್ತೊಬ್ಬ ತೊಗಟೆ ಜೋತು ಕಾಯಿ ಒಡೆದದ್ದು, ಕೊನೆಯವ ಆಲದ ಹಾಗೆ ದಟ್ಟ ನೆರಳಿನದು. ಮುತ್ತುಗದೆಲೆಯಲ್ಲಿ ಉಂಡು ಬೆಳೆದವರಿಗೆ ಇದು ತಟ್ಟನೆ ತಿಳಿಯುತ್ತದೆ. ಮಾಘ ಫಾಲ್ಗುಣದಲ್ಲಿ ಎಲೆಯುದುರಿ ಬರೀ ಹೂವಾಗಿ ಉರಿಯುವ ಮರ, ಮಳೆ ಬಿದ್ದ ಮೇಲೆ ಬೇರೆಯೇ ಮರ. ನಾಲ್ವರೂ ನಿಜವನ್ನೇ ಹೇಳಿದರು, ತಾವು ಕಂಡ ಹೊತ್ತಿನ ನಿಜವನ್ನು. ‘ಹಠಾತ್ ಬ್ರೇಕ್’ ಎಂಬುದೂ ಹಾಗೆಯೇ ಒಂದು ಹೊತ್ತಿನ ನಿಜ. ಮಗ ಫೋನು ನೋಡುತ್ತ ಓಡಿಸಿದನೋ, ಅಡ್ಡ ಬಂದ ಕರುವೊಂದರ ಜೀವ ಉಳಿಸಿದನೋ, ಆ ಡಬ್ಬಿಗೆ ಎರಡೂ ಒಂದೇ. ಎರಡಕ್ಕೂ ಅದು ಅಂಕ ಕಳೆಯುತ್ತದೆ. ಆ ಸಂಜೆಯ ಅತ್ಯಂತ ಒಳ್ಳೆಯ ಕೆಲಸ ಅಪ್ಪನ ಫೋನಿನಲ್ಲಿ ತಪ್ಪಾಗಿ ದಾಖಲಾಗಿರಬಹುದು.

ಕಾರು ಹಾಸನ ದಾಟುತ್ತದೆ. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇರುವುದು ಈ ಊರಿನಲ್ಲಿ. 2013ರಲ್ಲಿ ಮೊದಲ ಉಪಗ್ರಹ ಹಾರಿದ ನಮ್ಮದೇ ನಾವಿಕ್ ವ್ಯವಸ್ಥೆಯ ನಿಯಂತ್ರಣವೂ ಇಲ್ಲಿಂದ ನಡೆಯುತ್ತದೆ. ಉಪಗ್ರಹಗಳು ತಮ್ಮ ಜಾಗ ಬಿಟ್ಟು ಸರಿಯದಂತೆ ಇಲ್ಲಿಂದಲೇ ಆಗಾಗ ಸರಿಪಡಿಸುತ್ತಾರೆ. ಇದೇ ಜಿಲ್ಲೆಯಲ್ಲಿ, ಚನ್ನರಾಯಪಟ್ಟಣದಿಂದ ಅನತಿ ದೂರದಲ್ಲಿ, ಶ್ರವಣಬೆಳಗೊಳವಿದೆ. ಗಾಡಿಯ ಸುತ್ತ ವೃತ್ತ ಎಳೆಯುವ ಜಿಯೋಫೆನ್ಸ್ ಎಂಬ ಕಲ್ಪನೆಯ ಬಗ್ಗೆ ಅತ್ಯಂತ ಆಳವಾಗಿ ಯೋಚಿಸಿದವರು ಉಪಗ್ರಹ ಹಾರಿಸಿದವರಲ್ಲ, ಆ ಬೆಟ್ಟದ ಪರಂಪರೆಗೆ ಸೇರಿದವರು ಎಂದರೆ ಉತ್ಪ್ರೇಕ್ಷೆಯಲ್ಲ.

ಜೈನ ಗೃಹಸ್ಥರಿಗೆ ದಿಗ್ವ್ರತ ಎಂಬುದೊಂದಿದೆ. ಜೀವಮಾನವಿಡೀ ಇಂಥ ದಿಕ್ಕಿನಲ್ಲಿ ಇಷ್ಟು ದೂರ ಮೀರಿ ಹೋಗುವುದಿಲ್ಲ ಎಂದು ತಾನೇ ಗಡಿ ಹಾಕಿಕೊಳ್ಳುವುದು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಆ ಗಡಿಯನ್ನು ಹೇಗೆ ಗುರುತಿಸಬೇಕೆಂದೂ ಹೇಳುತ್ತದೆ: ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನದ ಲೆಕ್ಕ. ಎಲ್ಲರಿಗೂ ಗೊತ್ತಿರುವ ಗುರುತುಗಳೇ ಆಗಬೇಕು. ಅದರೊಳಗೆ ಇನ್ನೂ ಚಿಕ್ಕದಾದ ದೇಶವ್ರತ ಅಥವಾ ದೇಶಾವಕಾಶಿಕ: ಈ ಮನೆ, ಈ ಊರು, ಈ ಹೊಲದವರೆಗೆ ಮಾತ್ರ, ಅದೂ ಒಂದು ಪಕ್ಷ, ಒಂದು ತಿಂಗಳು, ನಾಲ್ಕು ತಿಂಗಳು, ಒಂದು ವರ್ಷ ಎಂದು ಕಾಲವನ್ನೂ ಕಟ್ಟಿ. ಇಂದಿನ ಆ್ಯಪ್‌ಗಳಲ್ಲಿ ಜಿಯೋಫೆನ್ಸ್ ಹಾಕುವಾಗ ಕೇಳುವುದೂ ಇವೆರಡನ್ನೇ, ಎಷ್ಟು ದೂರ ಮತ್ತು ಎಷ್ಟು ಹೊತ್ತು.

ವ್ಯತ್ಯಾಸ ಶುರುವಾಗುವುದು ಬೇಲಿ ಯಾರಿಗಾಗಿ ಎಂಬಲ್ಲಿ. ಕಾರಿಗೆ ವೃತ್ತ ಎಳೆಯುವವರು ಕಾರನ್ನು, ಕಾರಿನಲ್ಲಿರುವವರನ್ನು ಹೊರಗಿನ ಅಪಾಯದಿಂದ ಉಳಿಸಲು ಎಳೆಯುತ್ತಾರೆ. ದಿಗ್ವ್ರತದ ಲೆಕ್ಕ ತಿರುಗುಮುರುಗು. ಗಡಿಯಾಚೆಗಿನ ಜೀವಗಳನ್ನು ನನ್ನಿಂದ ಉಳಿಸುವುದು ಅದರ ಉದ್ದೇಶ. ನಾನು ಕಾಲಿಡದ ಕಡೆ ನನ್ನಿಂದ ಹಿಂಸೆ ಇಲ್ಲ. ಆದ್ದರಿಂದಲೇ ಗಡಿಯ ಹೊರಗಿನ ಮಟ್ಟಿಗೆ ಗೃಹಸ್ಥನ ಸಣ್ಣ ವ್ರತವೂ ಮುನಿಯ ಮಹಾವ್ರತದ ಮಟ್ಟಕ್ಕೇರುತ್ತದೆ ಎಂದು ಸಮಂತಭದ್ರರು ಹೇಳುತ್ತಾರೆ. ವೇಗದ ಅಲರ್ಟನ್ನು ಈ ಕಣ್ಣಿನಿಂದ ನೋಡಿದರೆ ಅದರ ಮುಖವೇ ಬದಲಾಗುತ್ತದೆ. ಆಗ ಅದು ಮಗನ ಜೀವದ ಬಗ್ಗೆ ಅಪ್ಪನಿಗೆ ಹೋಗುವ ದೂರಾಗಿ ಉಳಿಯುವುದಿಲ್ಲ. ಸಕಲೇಶಪುರದ ಬಳಿ ಕತ್ತಲಲ್ಲಿ ರಸ್ತೆ ದಾಟುತ್ತಿರುವ ತೋಟದ ಆಳೊಬ್ಬರ ಪರವಾಗಿ ಮಗನಿಗೇ ಬರುವ ಮಾತಾಗುತ್ತದೆ.

ವ್ರತ ಕೆಡುವ ಬಗೆಗಳನ್ನು ಜೈನರು ಅತಿಚಾರ ಎನ್ನುತ್ತಾರೆ. ತತ್ತ್ವಾರ್ಥಸೂತ್ರ ದಿಗ್ವ್ರತಕ್ಕೆ ಐದು ಅತಿಚಾರ ಹೇಳುತ್ತದೆ. ಮೇಲೆ, ಕೆಳಗೆ, ಅಡ್ಡಕ್ಕೆ ಗಡಿ ದಾಟುವುದು ಮೂರು. ಗಡಿಯನ್ನೇ ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು. ಐದನೆಯದು ಸ್ಮೃತ್ಯಂತರಾಧಾನ, ಹಾಕಿಕೊಂಡ ಗಡಿಯನ್ನೇ ಮರೆತುಬಿಡುವುದು. ಅಲರ್ಟಿಗೆ ಇದಕ್ಕಿಂತ ಯೋಗ್ಯ ಕೆಲಸ ಇನ್ನೊಂದಿಲ್ಲ. ಮನುಷ್ಯ ಮರೆಯುತ್ತಾನೆ. ಇಳಿಜಾರಿನಲ್ಲಿ ಹಾಡು ಕೇಳುತ್ತ ವೇಗ ಏರಿದ್ದು ಗೊತ್ತಾಗುವುದಿಲ್ಲ. ತಾನೇ ಗೊತ್ತುಮಾಡಿಕೊಂಡ ಮಿತಿಯನ್ನು ತನಗೇ ನೆನಪಿಸುವ ಸದ್ದು ವ್ರತಕ್ಕೆ ಆಸರೆ. ಅದೇ ಸದ್ದು ಅವನನ್ನು ದಾಟಿ ಇನ್ನೊಬ್ಬರ ಫೋನಿಗೆ ಮೊದಲು ಹೋದರೆ ಸಾಕ್ಷ್ಯವಾಗುತ್ತದೆ. ಮಿತಿಯೂ ಅವನದಲ್ಲ, ನೆನಪೂ ಅವನದಲ್ಲ ಎಂದಾದರೆ ಅಲ್ಲಿ ಉಳಿಯುವುದು ಸಿಕ್ಕಿಬೀಳಬಾರದೆಂಬ ಜಾಣತನವೊಂದೇ. ಡಬ್ಬಿ ಕಿತ್ತು ಗ್ಲೋವ್ ಬಾಕ್ಸಿಗೆ ಹಾಕಿ, ‘ಲೂಸ್ ಆಗಿತ್ತು’ ಎನ್ನುವ ಮಕ್ಕಳು, ಡ್ರೈವರುಗಳು ಹುಟ್ಟುವುದು ಹೀಗೆ.

ದೇಶವ್ರತದ ಅತಿಚಾರಗಳು ಇನ್ನೂ ಸೂಕ್ಷ್ಮ. ಗಡಿಯೊಳಗೇ ಕೂತು ಹೊರಗಿನದನ್ನು ತರಿಸಿಕೊಳ್ಳುವುದು, ಆಳು ಕಳಿಸುವುದು, ಹೊರಗಿನವರ ಗಮನ ಸೆಳೆಯಲು ಸದ್ದು ಮಾಡುವುದು, ಮುಖ ತೋರುವುದು, ಕಲ್ಲು ಎಸೆಯುವುದು. ದೇಹ ಗೆರೆ ದಾಟಿಲ್ಲ, ಮನಸ್ಸು ದಾಟಿದೆ. ಉಪಗ್ರಹದ ಬೇಲಿ ತಿಳಿಯುವುದು ಗಾಡಿಯನ್ನು ಮಾತ್ರ, ಅದೂ ಅಂದಾಜಿನಲ್ಲಿ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವಾಗ ಅಲುಗದೆ ನಿಂತ ಕಾರೂ ಮ್ಯಾಪಿನಲ್ಲಿ ಪಕ್ಕದ ರಸ್ತೆಗೆ ಜಿಗಿಯುತ್ತದೆ. ವೃತ್ತ ಐವತ್ತು ಮೀಟರಿನದಾದರೆ ಮಧ್ಯರಾತ್ರಿ ‘ಗಡಿ ದಾಟಿದೆ’ ಎಂಬ ಸುಳ್ಳು ಅಲರ್ಟ್ ಗ್ಯಾರಂಟಿ. ಇನ್ನೂರು ಮುನ್ನೂರು ಮೀಟರು ಇಡುವುದು ಮೇಲು. ಇನ್ನೊಂದು ವಿಚಿತ್ರ, ಈ ಡಬ್ಬಿ ಗಾಡಿ ಆಫ್ ಆದಾಗಲೂ ಬ್ಯಾಟರಿಯಿಂದಲೇ ಉಸಿರಾಡುತ್ತದೆ. ವಾರಗಟ್ಟಲೆ ನಿಂತ ಕಾರಿನಲ್ಲಿ 12.6 ವೋಲ್ಟ್ ಇರಬೇಕಾದದ್ದು 12ರ ಕೆಳಗಿಳಿದು ‘ಬ್ಯಾಟರಿ ಕಡಿಮೆ’ ಎಂಬ ಸಂದೇಶ ಬಂದರೆ, ಅದನ್ನು ಹೀರಿದವರಲ್ಲಿ ಸಂದೇಶ ಕಳಿಸಿದ ಕಾವಲುಗಾರನೂ ಒಬ್ಬ.

ಶಿರಾಡಿ ಘಾಟಿಯ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಬಂದುಹೋಗಿ ಮಾಡುತ್ತದೆ. ಒಳ್ಳೆಯ ಸಾಧನಗಳು ಆಗ ವರದಿಗಳನ್ನು ಒಳಗೇ ಕೂಡಿಟ್ಟುಕೊಂಡು ಟವರ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತವೆ. ಜಗಲಿಯ ಮೇಲೆ ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಒಂದೇ ಉಸಿರಿಗೆ ಹನ್ನೊಂದು ಸಂದೇಶ, ತಿರುವು, ಬ್ರೇಕ್, ತಿರುವು, ಬ್ರೇಕ್. ಘಾಟಿಯಲ್ಲಿ ಅದಲ್ಲದೆ ಇನ್ನೇನಿರುತ್ತದೆ? ಓದುವ ಅಪ್ಪನಿಗೆ ಮಾತ್ರ ಅವೆಲ್ಲ ಈಗ ನಡೆಯುತ್ತಿರುವಂತೆ ಕಾಣುತ್ತವೆ. ಮಗ ಅಷ್ಟರಲ್ಲಿ ಗುಂಡ್ಯದಲ್ಲಿ ಇಳಿದು ಚಹಾ ಕುಡಿಯುತ್ತಿರುತ್ತಾನೆ.

ಕಾನೂನು ಇಲ್ಲಿ ಎಲ್ಲಿಯವರೆಗೆ ಬರುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರಿಂದ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಒಪ್ಪಿಗೆ ಎಂದರೆ ಮುಕ್ತವಾಗಿ, ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಖಾಸಗಿ ಅಥವಾ ಮನೆವಾರ್ತೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಅಪ್ಪ ಮಗನ, ಗಂಡ ಹೆಂಡತಿಯ ಕಾರಿಗೆ ಹಾಕುವ ಬೇಲಿಯ ಹೊಸ್ತಿಲಲ್ಲಿ ಅದು ನಿಂತುಬಿಡುತ್ತದೆ. ಅಲ್ಲಿಂದ ಒಳಗಿನದು ಮನೆಯವರ ಧರ್ಮಕ್ಕೆ ಬಿಟ್ಟದ್ದು. ಲಾರಿ ಡ್ರೈವರಿನ ಪಾಡು ಇನ್ನೂ ಕಷ್ಟ. ಅವನ ಗಾಡಿಯ ಅಲರ್ಟ್ ಹೋಗುವುದು ಸಂಬಳ ಕೊಡುವವರಿಗೆ. ಢಾಬಾದಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿದರೆ ‘ಗಾಡಿ ನಿಂತಿದೆ’ ಎಂಬ ಸಂದೇಶ, ಹಿಂದೆಯೇ ಫೋನು. ನಿದ್ದೆಗೆಟ್ಟ ಡ್ರೈವರು ರಸ್ತೆಗೆ ಎಷ್ಟು ಅಪಾಯವೆಂದು ಹೇಳುವ ಸ್ವಿಚ್ಚು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಕೆಳಗಿನಿಂದ ಮೇಲಕ್ಕೆ ಹೋಗುವ ಸಂದೇಶವೂ ಒಂದಿದೆ, ಅದರ ಜಾತಿ ಬೇರೆ. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ, 2016ರ ನವೆಂಬರ್ 28ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ಪ್ರಯಾಣಿಕ ವಾಹನಗಳಿಗೆ ಟ್ರ್ಯಾಕಿಂಗ್ ಸಾಧನದ ಜೊತೆ ತುರ್ತು ಗುಂಡಿಯನ್ನೂ ಸೇರಿಸಿತು. ಗುಂಡಿ ಒತ್ತುವುದು ಕಷ್ಟದಲ್ಲಿರುವವರು. ಅದು ವರದಿಯಲ್ಲ, ಮೊರೆ. ಭಾಗವತದ ಎಂಟನೆಯ ಸ್ಕಂಧದಲ್ಲಿ ಮೊಸಳೆ ಹಿಡಿದ ಗಜೇಂದ್ರ ಮೊರೆಯಿಟ್ಟಾಗ ವಿಷ್ಣು ಗರುಡನನ್ನೇರಿ ಧಾವಿಸಿದ. ಅದಕ್ಕೆ ಮುಂಚೆ ಆನೆ ಕೆರೆಗಿಳಿದಾಗ, ನೀರೆರಚಿಕೊಂಡಾಗ, ಹಿಂಡಿನೊಡನೆ ಆಡಿದಾಗ ಅವನು ಬರಲಿಲ್ಲ. ಎಲ್ಲವನ್ನೂ ಬಲ್ಲವನೆಂದು ಭಕ್ತರು ನಂಬುವ ದೇವರೂ ಕೂಗಿಗೆ ಕಾಯುತ್ತಾನೆ, ಚತುರ್ಥಿಯಲ್ಲಿ. ಚಿತ್ರಗುಪ್ತ ಎಲ್ಲವನ್ನೂ ಬರೆದಿಡುತ್ತಾನೆ ನಿಜ. ಆದರೆ ಅವನು ದಿನಕ್ಕೆ ನಲವತ್ತು ಸಲ ಯಾರಿಗೂ ಅಲರ್ಟ್ ಕಳಿಸುವುದಿಲ್ಲ.

ಮತ್ತೆ ಆ ಜಗಲಿ. ಮುಂದಿನ ಹಬ್ಬಕ್ಕೆ ಮಗ ಬಂದಾಗ ಇಬ್ಬರೂ ಪಕ್ಕದಲ್ಲಿ ಕೂತು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾರೆ ಎಂದಿಟ್ಟುಕೊಳ್ಳೋಣ. ವೇಗದ ಅಲರ್ಟ್ ಮಗನಿಗೆ ಮಾತ್ರ, ಕಾರಿನ ಸ್ಪೀಕರಿನಲ್ಲಿ ಒಂದು ಸದ್ದಾಗಿ. 100 ಬೇಡ, 90ಕ್ಕಿಡೋಣ ಎನ್ನುವವನು ಮಗನೇ. ಬ್ರೇಕು, ತಿರುವು ಎರಡೂ ಆಫ್. ಅಪ್ಪನ ಫೋನಿನಲ್ಲಿ ಉಳಿಯುವುದು ಮೂರು: ಡಿಕ್ಕಿಯಂಥ ಹೊಡೆತ ಬಿದ್ದರೆ, ಆಫ್ ಆಗಿ ನಿಂತ ಕಾರು ತಾನಾಗಿ ಅಲುಗಿದರೆ, ಮಂಗಳೂರಿನ ಬಾಡಿಗೆ ಮನೆಯ ಮುನ್ನೂರು ಮೀಟರು ವೃತ್ತದೊಳಗೆ ಬಂದಾಗ.

“ಅಪ್ಪ, ನಿಮ್ಮ ಸ್ಕೂಟರಿಗೂ ಒಂದು ಹಾಕಿಸೋಣ್ವಾ?” ಎನ್ನುತ್ತಾನೆ ಮಗ. “ಹೋದ ತಿಂಗಳು ಕೆರೆ ಏರಿ ಮೇಲೆ ಜಾರಿ ಬಿದ್ರಂತೆ. ನಂಗೆ ಯಾರೂ ಹೇಳ್ಲೇ ಇಲ್ಲ.”

ಮೇಷ್ಟ್ರು ಬಹಳ ಹೊತ್ತು ಮಾತಾಡುವುದಿಲ್ಲ. ಸ್ಕೂಟರಿನ ಕಡೆ ಒಮ್ಮೆ, ಫೋನಿನ ಕಡೆ ಒಮ್ಮೆ ನೋಡುತ್ತಾರೆ.

“ಹಾಕ್ಸು. ಆದ್ರೆ ಗೆರೆ ಮಾತ್ರ ನಾನು ಹೇಳ್ದಂಗೆ. ಮೂಡ್ಲಿಗೆ ಕೆರೆ ಏರಿ, ಪಡುವ್ಲಿಗೆ ಸಂತೆಮಾಳ, ತೆಂಕ್ಲಿಗೆ ಕಾಲುವೆ.”

“ಬಡಗ್ಲಿಗೆ?”

“ಬಡಗ್ಲಿಗೆ ಬೇಡ. ಆ ಕಡೆ ನಿಮ್ಮಕ್ಕನ ಮನೆ ಇದೆ.”